ಬಾಣಂತನದಲ್ಲಿ ಮನಸ್ಸನ್ನು ನೋಡಿಕೊಳ್ಳುವುದು ಹೇಗೆ

ಮಗಳಿಗೋ ಸೊಸೆಗೋ ಬಾಣಂತನ ಮಾಡಲು ತಯಾರಾಗುತ್ತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ನಾನು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಆರೋಗ್ಯ ಸಹಾಯಕಿಯಾಗಿದ್ದು ನಿವೃತ್ತಳಾದವಳು. ಊರಿನವರು ಈಗಲೂ ಸಿಸ್ಟರಮ್ಮ ಅಂತಲೇ ಕರೆಯುತ್ತಾರೆ. ನನ್ನ ಇಬ್ಬರು ಹೆಣ್ಣುಮಕ್ಕಳ ಬಾಣಂತನವನ್ನೂ ನಾನೇ ಮಾಡಿದ್ದೇನೆ.

ಮೆಣಸಿನ ಸಾರು, ಅಂಟಿನುಂಡೆ, ಹಂಡೆ ನೀರಿನ ಸ್ನಾನ, ಹೊಟ್ಟೆಗೆ ಬಟ್ಟೆ ಕಟ್ಟುವುದು, ಇದೆಲ್ಲ ನಮ್ಮ ಮನೆಗಳಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ಆ ಹುಡುಗಿಗೆ ರಾತ್ರಿ ನಿದ್ದೆ ಬಂತಾ, ಮನಸ್ಸು ಹೇಗಿದೆ ಅಂತ ಕೇಳುವ ರೂಢಿ ಎಷ್ಟೋ ಮನೆಗಳಲ್ಲಿ ಇಲ್ಲ. ಕಾಳಜಿ ಇಲ್ಲ ಅಂತಲ್ಲ. ಏನನ್ನು ಗಮನಿಸಬೇಕು ಅಂತ ಯಾರೂ ಹೇಳಿರುವುದಿಲ್ಲ, ಅಷ್ಟೇ. ನಮ್ಮ ದೇಶದಲ್ಲಿ ನಡೆದ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ 2017ರಲ್ಲಿ ಒಂದು ಲೆಕ್ಕ ಕೊಟ್ಟಿದ್ದರು: ಹೆರಿಗೆಯ ನಂತರದ ಖಿನ್ನತೆ ಸುಮಾರು 22% ತಾಯಂದಿರನ್ನು ಕಾಡುತ್ತದೆ. ಐವರಲ್ಲಿ ಒಬ್ಬಳು. ನಮ್ಮ ಬೀದಿಯಲ್ಲೇ ಈ ವರ್ಷ ಎಷ್ಟು ತೊಟ್ಟಿಲು ಕಟ್ಟಿದ್ದಾರೆ ಅಂತ ಎಣಿಸಿ ನೋಡಿ, ಅರ್ಥವಾಗುತ್ತದೆ.

ಮೊದಲ ಎರಡು ವಾರದ ಅಳು

ಹೆರಿಗೆಯಾಗಿ ಮೂರನೇ ದಿನಕ್ಕೋ ನಾಲ್ಕನೇ ದಿನಕ್ಕೋ ಹುಡುಗಿ ಕಾರಣವೇ ಇಲ್ಲದೆ ಅಳಬಹುದು. ಊಟದ ತಟ್ಟೆ ಮುಂದಿಟ್ಟರೆ ಅಳು, ಗಂಡ ಫೋನ್ ಮಾಡಿದರೆ ಅಳು, ಫೋನ್ ಮಾಡದಿದ್ದರೂ ಅಳು. ಸ್ವಲ್ಪ ಹೊತ್ತಿಗೆ ನಗುತ್ತಾಳೆ. ಗರ್ಭದಲ್ಲಿ ಏರಿದ್ದ ಹಾರ್ಮೋನುಗಳು ಹೆರಿಗೆಯಾದ ಕೂಡಲೇ ಸರ್ರನೆ ಇಳಿಯುತ್ತವೆ, ಜೊತೆಗೆ ನಿದ್ದೆಗೇಡು, ಹೊಲಿಗೆಯ ನೋವು. ಅರ್ಧಕ್ಕಿಂತ ಹೆಚ್ಚು ತಾಯಂದಿರಿಗೆ ಹೀಗಾಗುತ್ತದೆ. ಇದಕ್ಕೆ ಔಷಧಿ ಬೇಡ. ಪಕ್ಕದಲ್ಲಿ ಕೂತು ಬೆನ್ನು ಸವರಿ. "ಮುತ್ತಿನಂಥ ಮಗು ಇದೆ, ಯಾಕೆ ಅಳ್ತೀಯಾ" ಅಂತ ಮಾತ್ರ ಅನ್ನಬೇಡಿ. ಯಾಕೆ ಅಂತ ಅವಳಿಗೂ ಗೊತ್ತಿರುವುದಿಲ್ಲ, ಪಾಪ.

ಇದು ಎರಡು ವಾರದೊಳಗೆ ತಾನಾಗೇ ಇಳಿಯಬೇಕು. ಎರಡು ವಾರ ಕಳೆದರೂ ಇಳಿಯದಿದ್ದರೆ, ಅಥವಾ ಜಾಸ್ತಿ ಆಗುತ್ತಿದ್ದರೆ, ಅದು ಬೇರೆಯೇ. ಕ್ಯಾಲೆಂಡರಿನಲ್ಲಿ ಹೆರಿಗೆಯ ದಿನದಿಂದ ಹದಿನಾಲ್ಕು ದಿನ ಎಣಿಸಿ ಒಂದು ಗುರುತು ಹಾಕಿಟ್ಟುಕೊಳ್ಳಿ. ಮನೆ ತುಂಬ ಜನ, ನಾಮಕರಣದ ಗದ್ದಲ, ದಿನ ಹೋಗಿದ್ದೇ ತಿಳಿಯುವುದಿಲ್ಲ.

ಎಲ್ಲಕ್ಕಿಂತ ಮೊದಲು ನಿದ್ದೆ

ನನ್ನನ್ನು ಯಾರಾದರೂ ಒಂದೇ ಒಂದು ಮಾತು ಹೇಳಿ ಅಂದರೆ, ಅವಳಿಗೆ ರಾತ್ರಿ ನಾಲ್ಕು ಗಂಟೆ ಒಂದೇ ಸಮನೆ ಮಲಗಲು ಬಿಡಿ ಅನ್ನುತ್ತೇನೆ. ಲೇಹ್ಯ ಒಂದು ದಿನ ತಪ್ಪಿದರೆ ಏನೂ ಆಗುವುದಿಲ್ಲ. ನಿದ್ದೆ ದಿನಾ ತಪ್ಪಿದರೆ ಗಟ್ಟಿ ಮನಸ್ಸಿನವಳೂ ಕುಸಿಯುತ್ತಾಳೆ.

ಮಗು ಎರಡು ಮೂರು ಗಂಟೆಗೊಮ್ಮೆ ಹಾಲಿಗೆ ಏಳುತ್ತದೆ, ನಾಲ್ಕು ಗಂಟೆ ಎಲ್ಲಿಂದ ತರುವುದು ಅಂತ ಕೇಳುತ್ತೀರಿ. ನಮ್ಮ ಮನೆಯಲ್ಲಿ ಹೀಗೆ ಮಾಡಿದ್ದೆವು. ರಾತ್ರಿ ಒಂಬತ್ತಕ್ಕೆ ಮಗಳು ಹಾಲು ಕೊಟ್ಟು ಮಗುವನ್ನು ನನ್ನ ಕೈಗೆ ಕೊಟ್ಟು ಮಲಗಿಬಿಡುತ್ತಿದ್ದಳು. ತೇಗು ಬರಿಸುವುದು, ಬಟ್ಟೆ ಬದಲಿಸುವುದು, ತೂಗಿ ಮಲಗಿಸುವುದು ನನ್ನ ಪಾಲು, ಅದೂ ಬೇರೆ ಕೋಣೆಯಲ್ಲಿ. ಮಗುವಿನ ಪ್ರತಿ ಕುಂಯ್ ಅನ್ನುವ ಸದ್ದಿಗೂ ತಾಯಿಗೆ ಎಚ್ಚರವಾಗುತ್ತದೆ, ಅದಕ್ಕೇ ಬೇರೆ ಕೋಣೆ. ನಡುವೆ ಒಂದು ಸಲ ಮಗು ಎದ್ದರೆ, ಸಂಜೆ ಹಿಂಡಿಟ್ಟ ಹಾಲನ್ನು ಒಳಲೆಯಲ್ಲಿ ಕುಡಿಸುತ್ತಿದ್ದೆ. ಕೈ ತೊಳೆದು, ಕುದಿಸಿದ ಸ್ಟೀಲ್ ಲೋಟಕ್ಕೆ ಹಿಂಡಿ ಮುಚ್ಚಿಟ್ಟರೆ ತಣ್ಣನೆಯ ಜಾಗದಲ್ಲಿ ನಾಲ್ಕು ಗಂಟೆ ಕೆಡುವುದಿಲ್ಲ. ಬೇಸಿಗೆಯ ಸೆಕೆ ಇದ್ದರೆ ಫ್ರಿಜ್ಜಿನಲ್ಲಿಡಿ. ಬಳಸುವಾಗ ಬಿಸಿ ನೀರಿನ ಬಟ್ಟಲಲ್ಲಿ ಲೋಟ ಇಟ್ಟು ಬೆಚ್ಚಗೆ ಮಾಡಿ, ಒಲೆ ಮೇಲೆ ಬೇಡ.

ಹಿಂಡಿಡುವುದು ಒಗ್ಗದಿದ್ದರೆ ಅದೂ ಸರಿ. ಮೊದಲ ವಾರಗಳಲ್ಲಿ ಹಾಲು ಇನ್ನೂ ನೆಲೆಗೊಳ್ಳುತ್ತಿರುತ್ತದೆ, ಬಲವಂತ ಬೇಡ. ಹಾಲಿಗೆ ಮಾತ್ರ ಮಗುವನ್ನು ಅವಳ ಪಕ್ಕಕ್ಕೆ ತಂದು, ಕುಡಿದ ಕೂಡಲೇ ಎತ್ತಿಕೊಂಡು ಹೋಗಿ. ಒದ್ದೆ ಬಟ್ಟೆಗೆಂದು ಅವಳು ಹಾಸಿಗೆಯಿಂದ ಏಳಬಾರದು. ಹಾಲು ಕುಡಿಸುತ್ತ ತಾಯಿ ತೂಕಡಿಸಿ ಮಗುವಿನ ಮೇಲೆ ವಾಲುವ ಭಯವೂ ಇದರಿಂದ ತಪ್ಪುತ್ತದೆ.

ಇಷ್ಟು ಮಾಡಲು ನಿಮ್ಮ ಮೈಯಲ್ಲೂ ಶಕ್ತಿ ಬೇಕಲ್ವಾ? ಬಾಣಂತನ ಮಾಡುವ ಅಜ್ಜಿಗೆ ಸಾಮಾನ್ಯವಾಗಿ ಅರವತ್ತರ ಹತ್ತಿರ ವಯಸ್ಸು, ಶುಗರ್, ಮಂಡಿ ನೋವು ಬೇರೆ. ಒಬ್ಬರೇ ಎಲ್ಲವನ್ನೂ ಹೊತ್ತುಕೊಳ್ಳಬೇಡಿ. ಎಣ್ಣೆ ಹಚ್ಚಿ ನೀರು ಹಾಕಲು ಹೆಂಗಸನ್ನು ಇಟ್ಟುಕೊಳ್ಳಿ, ಇಲ್ಲವೇ ಮಗುವಿನ ಬಟ್ಟೆ ಒಗೆಯುವುದನ್ನು ತಾತನಿಗೆ ಒಪ್ಪಿಸಿ. ನಮ್ಮ ಯಜಮಾನರು ಆ ಕೆಲಸ ಸಂತೋಷವಾಗಿ ಮಾಡಿದರು. ಅಡುಗೆ ಒಂದೇ ಸಾರು, ಒಂದೇ ಪಲ್ಯ ಸಾಕು.

ಇನ್ನು ಬಾಣಂತಿ ಕೋಣೆ. ಕಿಟಕಿ ಮುಚ್ಚಿ, ಸಾಂಬ್ರಾಣಿ ಹೊಗೆ ಕಟ್ಟಿ, ಹಗಲೂ ಕತ್ತಲು ಮಾಡುವ ಪದ್ಧತಿ ಬಿಡಿ. ಹೊಗೆ ಹಸುಗೂಸಿನ ಎದೆಗೆ ಒಳ್ಳೆಯದಲ್ಲ. ಹಗಲು ರಾತ್ರಿ ಗೊತ್ತಾಗದ ಕೋಣೆಯಲ್ಲಿ ನಿದ್ದೆಯೂ ದಾರಿ ತಪ್ಪುತ್ತದೆ. ಬೆಳಗಿನ ಹೊತ್ತು ಅರ್ಧ ಗಂಟೆ ಜಗುಲಿಯ ಮೇಲೋ ಟೆರೇಸಿನಲ್ಲೋ ಅವಳು ಕೂರಲಿ, ನಾಲ್ಕು ಹೆಜ್ಜೆ ಓಡಾಡಲಿ. ಶೀತವಾಗುತ್ತದೆ ಅನಿಸಿದರೆ ತಲೆಗೆ ಬಟ್ಟೆ ಕಟ್ಟಿ ಕಳಿಸಿ. ಬಾಯಾರಿದಷ್ಟು ನೀರು ಕೊಡಿ. ನೀರು ಕಡಿಮೆ ಕೊಟ್ಟರೆ ಸುಸ್ತು, ತಲೆನೋವು, ಮಲಬದ್ಧತೆ, ಇನ್ನೇನೂ ಲಾಭವಿಲ್ಲ.

ಕೇಳುವುದು ಹೇಗೆ

ನಮ್ಮ ಹೆಣ್ಣುಮಕ್ಕಳು "ನನಗೆ ಖಿನ್ನತೆ" ಅಂತ ಬಂದು ಹೇಳುವುದಿಲ್ಲ. ತಲೆ ಭಾರ, ಎದೆ ಹಾರುತ್ತೆ, ಕೈಕಾಲು ಸೆಳೆತ, ಊಟ ಸೇರಲ್ಲ, ಹೀಗೆ ಮೈ ಮೇಲಿನ ದೂರೇ ಮೊದಲು ಬರುತ್ತದೆ. ಒಂದು ಮನೆಗೆ ಭೇಟಿಗೆ ಹೋಗಿದ್ದೆ. ಮಗುವಿಗೆ ಒಂದೂವರೆ ತಿಂಗಳು, ತೂಕ ಚೆನ್ನಾಗಿತ್ತು. ಹುಡುಗಿಯ ತಾಯಿ "ಇವಳಿಗೆ ಗ್ಯಾಸ್ಟ್ರಿಕ್ ಸಿಸ್ಟರಮ್ಮ, ಒಂದು ಮಾತ್ರೆ ಕೊಡಿ" ಅಂದರು. ಹುಡುಗಿ ಮಂಚದ ಮೇಲೆ ಕೂತು ಮಗುವಿನ ಬಟ್ಟೆ ಮಡಚುತ್ತಿದ್ದಳು. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದಳು. ತಾಯಿಯನ್ನು "ಅಕ್ಕಾ, ಒಂದು ಲೋಟ ಟೀ ಮಾಡ್ತೀರಾ" ಅಂತ ಒಳಗೆ ಕಳಿಸಿ ಪಕ್ಕದಲ್ಲಿ ಕೂತೆ.

"ಮಗು ಮಲಗಿದಾಗ ನೀನೂ ಮಲಗ್ತೀಯೇನಮ್ಮಾ?"

"ಕಣ್ಣು ಮುಚ್ತೀನಿ ಸಿಸ್ಟರ್, ನಿದ್ದೆ ಬರಲ್ಲ. ಉಸಿರಾಡ್ತಿದೆಯಾ ಅಂತ ಮೂಗಿನ ಹತ್ರ ಕೈ ಇಟ್ಟು ನೋಡ್ತಾ ಇರ್ತೀನಿ."

"ರಾತ್ರಿಯೆಲ್ಲಾ?"

"ಹ್ಞೂಂ. ನಾನು ಇದಕ್ಕೆ ಸರಿಯಾದ ತಾಯಿ ಅಲ್ಲ ಅನ್ಸುತ್ತೆ."

ಮಗು ಮಲಗಿದಾಗಲೂ ತಾಯಿಗೆ ನಿದ್ದೆ ಬಾರದಿರುವುದು, ಅದೇ ನಾನು ಮೊದಲು ಹುಡುಕುವ ಗುರುತು. ಮಗು ಎಬ್ಬಿಸಿದ್ದಕ್ಕೆ ನಿದ್ದೆಗೆಡುವುದು ಎಲ್ಲರಿಗೂ ಇದ್ದದ್ದೇ. ಅವಕಾಶ ಸಿಕ್ಕಿದರೂ ನಿದ್ದೆ ಹತ್ತಿರ ಸುಳಿಯದಿದ್ದರೆ ಮನಸ್ಸಿಗೆ ಸಹಾಯ ಬೇಕಾಗಿದೆ ಅಂತ ಅರ್ಥ. ಆ ಹುಡುಗಿಯನ್ನು ಅದೇ ವಾರ ಡಾಕ್ಟರಿಗೆ ತೋರಿಸಿದೆವು. ರಕ್ತ ಕಡಿಮೆ ಇತ್ತು, ಅದಕ್ಕೂ ಚಿಕಿತ್ಸೆ ಆಯಿತು, ಮನಸ್ಸಿಗೂ ಆಯಿತು.

ಕೇಳುವಾಗ ಅವಳು ಒಬ್ಬಳೇ ಇರಬೇಕು. ಅತ್ತೆ ಎದುರಿಗೆ ಗಂಡನ ವಿಷಯ ಬಾಯಿಗೆ ಬರುವುದಿಲ್ಲ, ಅಮ್ಮನ ಎದುರಿಗೆ ಅಮ್ಮನ ವಿಷಯ ಬರುವುದಿಲ್ಲ. ತಲೆಗೆ ಎಣ್ಣೆ ಹಚ್ಚುವ ಹೊತ್ತು ಒಳ್ಳೆಯದು. ಮುಖ ನೋಡಬೇಕಾಗಿಲ್ಲ, ಕೈ ಕೆಲಸ ಮಾಡುತ್ತಿರುತ್ತದೆ, ಮಾತು ತಾನಾಗಿ ಹೊರಡುತ್ತದೆ. ಎಡಿನ್‌ಬರೋದಲ್ಲಿ 1987ರಲ್ಲಿ ತಯಾರಾದ 10 ಪ್ರಶ್ನೆಗಳ ಒಂದು ಪಟ್ಟಿ ಇದೆ, ಕನ್ನಡದಲ್ಲೂ ಇದೆ, ಆಸ್ಪತ್ರೆಗಳಲ್ಲಿ ಬಳಸುತ್ತಾರೆ. ಕಳೆದ ಏಳು ದಿನದ ಮಾತನ್ನು ಮಾತ್ರ ಕೇಳುತ್ತದೆ: ನಗು ಬರುತ್ತಿದೆಯಾ, ಏನಾದರೂ ತಪ್ಪಾದರೆ ಸುಮ್ನೆ ತನ್ನನ್ನೇ ದೂರಿಕೊಳ್ಳುತ್ತಿದ್ದೀಯಾ, ಕಾರಣವಿಲ್ಲದೆ ಗಾಬರಿಯಾಗುತ್ತಾ, ಅಳು ಬರುತ್ತಾ. ಅಂಕ ಹಾಕುವುದು ಡಾಕ್ಟರ ಕೆಲಸ. ಆದರೆ ಇಂಥ ಪ್ರಶ್ನೆಗಳನ್ನು ಮನೆಯಲ್ಲಿ ವಾರಕ್ಕೊಮ್ಮೆ ಮೆಲ್ಲಗೆ ಕೇಳಬಹುದು.

ಆ ಪಟ್ಟಿಯ ಕೊನೆಯ ಪ್ರಶ್ನೆ ಕೇಳಲು ನಾಲಿಗೆ ಏಳುವುದಿಲ್ಲ. ಆದರೂ ಕೇಳಲೇಬೇಕು. "ಸಾಕಪ್ಪಾ ಈ ಜೀವ ಅಂತ ಅನಿಸಿದ್ದುಂಟಾ? ಏನಾದರೂ ಮಾಡಿಕೊಳ್ಳೋಣ ಅಂತ ಯೋಚನೆ ಬಂದಿತ್ತಾ?" ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ಹಾಕಿದಂತಾಗುತ್ತದೆ ಅಂತ ಹಲವರು ಹೆದರುತ್ತಾರೆ. ಹಾಗಾಗುವುದಿಲ್ಲ. ಯಾರೋ ಒಬ್ಬರು ಕೇಳಿದರಲ್ಲಾ ಅಂತ ಎದೆಯ ಭಾರ ಇಳಿಯುತ್ತದೆ. ಹೌದು ಅಂದರೆ ಗದರಬೇಡಿ, ಆಣೆ ಹಾಕಿಸಿಕೊಳ್ಳಬೇಡಿ. ಅವಳನ್ನು ಒಬ್ಬಳೇ ಬಿಡಬೇಡಿ. ಹೊಲಕ್ಕೆ ಹೊಡೆಯುವ ಔಷಧಿ, ಮನೆಯಲ್ಲಿರುವ ಮಾತ್ರೆಗಳೆಲ್ಲ ಬೀಗದೊಳಗೆ ಹೋಗಲಿ. ಅದೇ ದಿನ ಡಾಕ್ಟರನ್ನು ಕಾಣಿ.

ಇನ್ನೊಂದು ವಿಷಯ ತಾಯಂದಿರು ಯಾರಿಗೂ ಹೇಳುವುದಿಲ್ಲ. ಮಗು ಕೈಜಾರಿ ಬಿದ್ದುಬಿಟ್ಟರೆ, ನಾನೇ ಏನಾದರೂ ಮಾಡಿಬಿಟ್ಟರೆ, ಅಂತ ಬೇಡದ ಚಿತ್ರ ಕಣ್ಣ ಮುಂದೆ ಹಾದುಹೋಗುತ್ತದೆ. ಅದು ಬಂದ ಕೂಡಲೇ ಅವಳು ನಡುಗಿಹೋಗುತ್ತಾಳೆ, ಚಾಕು ಇರುವ ಅಡುಗೆಮನೆಗೇ ಹೋಗದೆ ಇರುತ್ತಾಳೆ. ಇಂಥ ಯೋಚನೆ ಬಹಳ ತಾಯಂದಿರಿಗೆ ಬರುತ್ತದೆ. ಅದಕ್ಕೆ ಹೆದರುತ್ತಿದ್ದಾಳೆ ಅಂದರೆ ಅವಳು ಕೆಟ್ಟವಳಲ್ಲ, ಆತಂಕದಲ್ಲಿದ್ದಾಳೆ. ಡಾಕ್ಟರಿಗೆ ಹೇಳಿದರೆ ಅದಕ್ಕೂ ದಾರಿ ಇದೆ. ನಿಮ್ಮ ಹತ್ತಿರ ಹೇಳಿಕೊಂಡರೆ ಮುಖ ಬದಲಾಯಿಸದೆ ಕೇಳಿ.

ನೋಡಲು ಬರುವವರು

ನೋಡಲು ಬಂದವರ ಬಾಯಿಂದ ಬರುವ ಮಾತು ಒಂದೆರಡಲ್ಲ. "ಹೆಣ್ಣಾ? ಇರಲಿ ಬಿಡು, ಮುಂದಿನದು ಗಂಡಾಗುತ್ತೆ." "ಆಪರೇಷನ್ನಾ? ನಾವೆಲ್ಲ ಮನೇಲೇ ಹೆತ್ತಿದ್ದೀವಿ." "ಹಾಲು ಸಾಲದೇನೋ, ಮಗು ಬಡವಾಗಿದೆ." ಈ ಕೊನೆಯ ಮಾತು ಬಾಣಂತಿಯ ತಲೆಯಲ್ಲಿ ರಾತ್ರಿಯಿಡೀ ತಿರುಗುತ್ತದೆ. ಮಗು ದಿನಕ್ಕೆ ಆರೇಳು ಸಲ ಉಚ್ಚೆ ಹೊಯ್ಯುತ್ತಿದ್ದು ತೂಕ ಏರುತ್ತಿದ್ದರೆ ಹಾಲು ಸಾಕು ಅಂತಲೇ ಲೆಕ್ಕ. ಬಂದವರಿಗೆ ನೀವೇ ಅವಳ ಮುಂದೆಯೇ ಉತ್ತರ ಕೊಡಿ: "ತಾಯಿ ಕಾರ್ಡಲ್ಲಿ ತೂಕ ಬರೆದಿದ್ದಾರೆ, ಸರಿಯಾಗಿದೆ." ತಾಯಿ ತನ್ನ ಪರ ನಿಂತಳು ಅನ್ನುವುದು ಹುಡುಗಿಗೆ ದೊಡ್ಡ ಬಲ. ಬಂದವರನ್ನು ಹಜಾರದಲ್ಲಿ ಕೂರಿಸಿ, ಮಗುವನ್ನು ತಂದು ತೋರಿಸಿ, ಕಾಫಿ ಕೊಟ್ಟು ಕಳಿಸಿ. ಅವಳು ಮಲಗಿದ್ದರೆ ಯಾರು ಬಂದರೂ ಎಬ್ಬಿಸಬೇಡಿ, ಬೀಗರು ಬಂದರೂ ಅಷ್ಟೇ.

ಗಂಡಂದಿರಿಗೆ

ನೀವು ಬೆಂಗಳೂರಲ್ಲಿ, ಅವಳು ತವರಲ್ಲಿ. ವಾರಕ್ಕೊಮ್ಮೆ ಬಂದು ಮಗುವಿನ ಫೋಟೋ ತೆಗೆದು ಹೋದರೆ ಸಾಲದು. ದಿನಾ ಫೋನಿನಲ್ಲಿ ಮೊದಲು ಅವಳನ್ನು ವಿಚಾರಿಸಿ, ಆಮೇಲೆ ಮಗುವನ್ನು. ಬಂದ ರಾತ್ರಿಗಳಲ್ಲಿ ಮಗುವಿನ ಪಾಳಿ ನಿಮ್ಮದಾಗಲಿ, ಅತ್ತೆಯವರೂ ಒಂದು ರಾತ್ರಿ ಮಲಗಲಿ. ನಿಮ್ಮ ಅಮ್ಮನಿಗೂ ಅವಳ ಅಮ್ಮನಿಗೂ ನಾಮಕರಣದ ವಿಷಯದಲ್ಲಿ ಮಾತು ಬಂದರೆ, ನಿಮ್ಮ ಅಮ್ಮನ ಹತ್ತಿರ ನೀವೇ ಮಾತಾಡಿ. ಹಸಿ ಬಾಣಂತಿಯನ್ನು ನಡುವೆ ನಿಲ್ಲಿಸಬೇಡಿ. ಹೊಸ ತಂದೆಯಂದಿರಿಗೂ ಖಿನ್ನತೆ ಬರುತ್ತದೆ, ಸಿಟ್ಟು, ಕುಡಿತ, ಮನೆಗೆ ಬರಲು ಮನಸ್ಸಿಲ್ಲದಿರುವುದು ಹೀಗೆ ಕಾಣಿಸಿಕೊಳ್ಳುತ್ತದೆ. ನೀವೂ ಡಾಕ್ಟರನ್ನು ಕಾಣಬಹುದು, ನಾಚಿಕೆ ಬೇಡ.

ಮಡಿಲಲ್ಲಿ ಮಗು ಇಲ್ಲದ ಬಾಣಂತಿ

ಇದನ್ನು ಬರೆಯದೆ ಮುಂದೆ ಹೋಗಲು ನನ್ನಿಂದ ಆಗುವುದಿಲ್ಲ. ಮಗು ಹುಟ್ಟುವಾಗಲೇ ತೀರಿಕೊಂಡಿದ್ದರೆ ಆ ಮನೆಯಲ್ಲಿ ಬಾಣಂತನವನ್ನೇ ನಿಲ್ಲಿಸಿಬಿಡುತ್ತಾರೆ. ತೊಟ್ಟಿಲು, ಬಟ್ಟೆ ಎಲ್ಲ ಅಡಗಿಸಿಟ್ಟು, ಯಾರೂ ಆ ಮಾತೇ ಎತ್ತುವುದಿಲ್ಲ. ಆದರೆ ಅವಳೂ ಹೆತ್ತವಳೇ. ಮೂರನೇ ದಿನಕ್ಕೆ ಎದೆಗೆ ಹಾಲು ಬರುತ್ತದೆ, ಗಡುಸಾಗಿ ನೋಯುತ್ತದೆ. ಅದಕ್ಕೆ ಏನು ಮಾಡಬೇಕು ಅಂತ ಆಸ್ಪತ್ರೆಯಿಂದ ಹೊರಡುವ ಮೊದಲೇ ಕೇಳಿಕೊಳ್ಳಿ. ಬಿಸಿ ನೀರು, ಎಣ್ಣೆ, ಹದವಾದ ಊಟ, ವಿಶ್ರಾಂತಿ ಅವಳಿಗೂ ಅಷ್ಟೇ ದಿನ ಸಿಗಲಿ. ಮಗುವಿನ ಬಗ್ಗೆ ಅವಳು ಮಾತಾಡಿದರೆ ತಡೆಯಬೇಡಿ. "ಬೇಗ ಇನ್ನೊಂದು ಆಗುತ್ತೆ" ಅನ್ನಬೇಡಿ. ಮಗು ಗಾಜಿನ ಪೆಟ್ಟಿಗೆಯಲ್ಲಿದ್ದು ತಾಯಿ ಮಾತ್ರ ವಾರ್ಡಿನಲ್ಲಿದ್ದರೆ, ದಿನಾ ಹೋಗಿ ಮುಟ್ಟಿ ಬರಲು, ಡಾಕ್ಟರು ಒಪ್ಪಿದ ಕೂಡಲೇ ಎದೆಗೆ ಅವಚಿಕೊಂಡು ಕೂರಲು ವ್ಯವಸ್ಥೆ ಮಾಡಿಸಿ.

ತಡಮಾಡಬಾರದ ಹೊತ್ತು

ಹಳಬರು ಬಾಣಂತಿ ಸನ್ನಿ ಅನ್ನುತ್ತಿದ್ದರು. ಸಾವಿರ ಹೆರಿಗೆಯಲ್ಲಿ ಒಬ್ಬಿಬ್ಬರಿಗೆ ಬರುತ್ತದೆ, ಹೆಚ್ಚಾಗಿ ಮೊದಲ ಎರಡು ವಾರದಲ್ಲೇ. ಎರಡು ಮೂರು ರಾತ್ರಿ ಕಣ್ಣು ಮುಚ್ಚದಿದ್ದರೂ ಸುಸ್ತೇ ಇಲ್ಲ. ಮಾತು ಜಾಸ್ತಿ, ಒಂದಕ್ಕೊಂದು ಸಂಬಂಧವಿಲ್ಲ. ಊಟದಲ್ಲಿ ಏನೋ ಹಾಕಿದ್ದಾರೆ ಅನ್ನುತ್ತಾಳೆ, ಯಾರೋ ಮಾತಾಡುವುದು ಕೇಳಿಸುತ್ತದೆ ಅನ್ನುತ್ತಾಳೆ, ಈ ಮಗು ನನ್ನದಲ್ಲ ಅನ್ನುತ್ತಾಳೆ. ಆಗ ಮಗುವನ್ನೂ ಅವಳನ್ನೂ ಇಬ್ಬರನ್ನೇ ಬಿಡಬೇಡಿ. 108ಕ್ಕೆ ಕರೆ ಮಾಡಿ ಅಥವಾ ಸಿಕ್ಕಿದ ಗಾಡಿಯಲ್ಲಿ ಜಿಲ್ಲಾ ಆಸ್ಪತ್ರೆಗೆ ಹೊರಡಿ. ಜೊತೆಗೆ ಜ್ವರ, ಫಿಟ್ಸ್, ಸಹಿಸಲಾಗದ ತಲೆನೋವು ಇದ್ದರೆ ನಂಜು ಏರಿರಬಹುದು, ಬಿಪಿ ಏರಿರಬಹುದು, ಅದೂ ಪ್ರಾಣಕ್ಕೆ ಸಂಬಂಧಿಸಿದ್ದೇ. ಗಾಳಿ ಸೋಕಿದೆ, ದೃಷ್ಟಿಯಾಗಿದೆ ಅಂತ ಎರಡು ದಿನ ಕಳೆಯಬೇಡಿ. ಹರಕೆ ಕಟ್ಟಿಕೊಳ್ಳಿ, ಬೇಡ ಅನ್ನುವುದಿಲ್ಲ. ಗಾಡಿ ಮಾತ್ರ ಮೊದಲು ಆಸ್ಪತ್ರೆ ಕಡೆ ತಿರುಗಲಿ. ಸರಿಯಾದ ಚಿಕಿತ್ಸೆ ಸಿಕ್ಕರೆ ಇವರು ಚೆನ್ನಾಗಿ ಗುಣವಾಗುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ನೋಡುವ ವಾರ್ಡೇ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಹಾಗೇ ಹೇಳುತ್ತದೆ: ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಬೇರೆ ಮಾಡುವಂತಿಲ್ಲ.

ಯಾರನ್ನು ಕಾಣಬೇಕು, ಮಾತ್ರೆ ತಿನ್ನಬಹುದಾ

ತುರ್ತು ಅಲ್ಲದಿದ್ದರೆ ಆಶಾ ಕಾರ್ಯಕರ್ತೆಯಿಂದ ಶುರು ಮಾಡಿ. ಆಸ್ಪತ್ರೆ ಹೆರಿಗೆಯಾದರೆ ಅವರು 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು. ಮಗುವಿನ ತೂಕ ನೋಡಿ ಎದ್ದುಬಿಡದೆ ತಾಯಿಯ ಜೊತೆ ಹತ್ತು ನಿಮಿಷ ಕೂರಿ ಅಂತ ನೀವೇ ಹೇಳಿ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗ, ಎರಡೂ ಸರ್ಕಾರದ್ದೇ. ಎಲ್ಲಿಗೂ ಹೋಗಲಾಗದ ರಾತ್ರಿಯಲ್ಲಿ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಅದು, ದುಡ್ಡಿಲ್ಲ, ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬಾಣಂತಿಯೇ ಮಾಡಬೇಕು ಅಂತಿಲ್ಲ, ನೀವು ಮಾಡಿ ಏನು ಮಾಡಲಿ ಅಂತ ಕೇಳಬಹುದು.

ಡಾಕ್ಟರ ಹತ್ತಿರ ಹೋಗುವಾಗ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ: ಎಷ್ಟು ಗಂಟೆ ಮಲಗುತ್ತಾಳೆ, ಊಟ ಹೇಗಿದೆ, ಯಾವಾಗಿಂದ ಹೀಗೆ, ಯಾವ ಮಾತು ಆಡಿದಳು. ಅಲ್ಲಿ ಹೋದ ಮೇಲೆ ಗಾಬರಿಯಲ್ಲಿ ಅರ್ಧ ಮರೆತುಹೋಗುತ್ತದೆ. ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಬೇಕಾ ಅಂತ ಕೇಳಿ. ಹೆರಿಗೆಯಾದ ಮೇಲೆ ಥೈರಾಯ್ಡ್ ಏರುಪೇರಾದರೆ ಇದೇ ಥರ ಸುಸ್ತು, ಬೇಜಾರು, ಎದೆ ಹಾರುವುದು ಕಾಣಿಸುತ್ತದೆ.

ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ. ಕಡಿಮೆ ಇದ್ದರೆ ಆಪ್ತ ಸಮಾಲೋಚನೆ, ನಿದ್ದೆ, ಮನೆಯವರ ಆಸರೆಯಲ್ಲೇ ಸರಿಯಾಗುತ್ತದೆ. ಬೇಕಾದರೆ, ಹಾಲು ಕುಡಿಸುತ್ತಿದ್ದಾಳೆ ಅಂತ ಡಾಕ್ಟರಿಗೆ ಹೇಳಿ. ಸರ್ಟ್ರಲೀನ್‌ನಂಥ ಮಾತ್ರೆ ಹಾಲಿಗೆ ಬಹಳ ಕಡಿಮೆ ಸೇರುತ್ತದೆ, ಅದನ್ನು ತೆಗೆದುಕೊಳ್ಳುತ್ತಲೇ ಹಾಲು ಕುಡಿಸುವ ತಾಯಂದಿರು ಬೇಕಾದಷ್ಟಿದ್ದಾರೆ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಹುಡುಗಿ ನಗಲು ಶುರು ಮಾಡಿದ ಕೂಡಲೇ "ಇನ್ನು ಸಾಕು" ಅಂತ ಮನೆಯವರೇ ನಿಲ್ಲಿಸುವುದನ್ನು ನೋಡಿ ನೋಡಿ ನನಗೆ ಸಾಕಾಗಿದೆ. ನಿಲ್ಲಿಸುವ ದಿನವನ್ನು ಡಾಕ್ಟರು ಹೇಳಲಿ. ಸಾಮಾನ್ಯವಾಗಿ ಚೆನ್ನಾದ ಮೇಲೂ ಕೆಲವು ತಿಂಗಳು ಮುಂದುವರಿಸುತ್ತಾರೆ.

ತವರಿನಿಂದ ಕಳಿಸುವಾಗ

ಮೂರಕ್ಕೋ ಐದಕ್ಕೋ ತವರಿನಿಂದ ಮಗುವಿನ ಜೊತೆ ಗಂಡನ ಮನೆಗೆ ಕಳಿಸುವ ಹೊತ್ತಿಗೆ ಬಾಣಂತನ ಮುಗಿಯಿತು ಅಂದುಕೊಳ್ಳುತ್ತೇವೆ. ಖಿನ್ನತೆ ಮೊದಲ ವರ್ಷದಲ್ಲಿ ಯಾವಾಗ ಬೇಕಾದರೂ ಬರಬಹುದು. ತವರಲ್ಲಿ ಮಗುವನ್ನು ಎತ್ತಿಕೊಳ್ಳಲು ನಾಲ್ಕು ಕೈ ಇರುತ್ತವೆ. ಅಲ್ಲಿ ಅಡುಗೆ, ಬಟ್ಟೆ, ಮಗು ಎಲ್ಲ ಒಂದೇ ದಿನ ತಲೆ ಮೇಲೆ ಬೀಳುತ್ತದೆ. ಕೆಲಸದಲ್ಲಿರುವವಳಾದರೆ 26 ವಾರದ ಹೆರಿಗೆ ರಜೆಯೂ ಸುಮಾರು ಆಗಲೇ ಮುಗಿಯುತ್ತಾ ಬರುತ್ತದೆ.

ಹಾಗಾಗಿ ಕಳಿಸುವ ಹದಿನೈದು ದಿನ ಮೊದಲೇ ಅಳಿಯನನ್ನೂ ಬೀಗಿತ್ತಿಯನ್ನೂ ಕೂರಿಸಿ ಮಾತಾಡಿ. ರಾತ್ರಿ ಪಾಳಿ ಯಾರದು, ಬೆಳಗಿನ ಅಡುಗೆ ಯಾರದು, ಅವಳು ಕೆಲಸಕ್ಕೆ ಹೋದರೆ ಮಗು ಯಾರ ಹತ್ತಿರ, ಇದೆಲ್ಲ ತೀರ್ಮಾನವಾಗಲಿ. ಮಾತ್ರೆ ನಡೆಯುತ್ತಿದ್ದರೆ ಮುಚ್ಚಿಡಬೇಡಿ, ಗಂಡನಿಗಾದರೂ ಗೊತ್ತಿರಬೇಕು, ಮುಂದಿನ ಡಾಕ್ಟರ್ ಭೇಟಿಯ ತಾರೀಕು ಅವನ ಫೋನಿನಲ್ಲಿರಬೇಕು. ಮೊದಲ ವಾರ ನೀವೇ ಜೊತೆಗೆ ಹೋಗಿ ಇದ್ದು ಬಂದರೆ ಇನ್ನೂ ಒಳ್ಳೆಯದು. ಹೊರದೇಶದಲ್ಲಿರುವ ಮಗಳ ಬಾಣಂತನಕ್ಕೆ ಹೋದವರಿಗೂ ಇದೇ ಮಾತು. ನಿಮ್ಮ ವೀಸಾ ಮುಗಿದು ನೀವು ವಿಮಾನ ಹತ್ತುವ ಮೊದಲು, ಅಲ್ಲಿ ಅವಳ ಮನೆ ಬಾಗಿಲು ತಟ್ಟಿ ಒಂದು ಗಂಟೆ ಮಗುವನ್ನು ಎತ್ತಿಕೊಳ್ಳುವವರು ಒಬ್ಬರಾದರೂ ಯಾರು ಅಂತ ಗೊತ್ತು ಮಾಡಿಕೊಂಡು ಬನ್ನಿ. ಆಮೇಲೆ ವಿಡಿಯೋ ಕಾಲ್ ಮಾಡಿದಾಗ "ಮಗು ತೋರಿಸು" ಅನ್ನುವ ಮೊದಲು "ನಿನ್ನ ಮುಖ ತೋರಿಸು, ರಾತ್ರಿ ಎಷ್ಟು ಹೊತ್ತು ಮಲಗಿದೆ" ಅಂತ ಕೇಳಿ.